ಓಣಿಗೊಂದು ಬೆಳ್ಳಿ ತಾಟು

ಗುಡಗೇರಿ ಸ್ಟೇಷನ್ನಿನಿಂದ ಸಂತೆ ಬಯಲಿಗೆ ಬರುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಒಂದು ಓಣಿ. ಅಲ್ಲಿಯ ಹನ್ನೊಂದು ಮನೆಗಳಿಗೆ ಸೇರಿ ಇದ್ದದ್ದು ಒಂದೇ ಬೆಳ್ಳಿಯ ತಾಟು. ಅದು ರೇವವ್ವನದು. ಯಾರ ಮನೆಗೆ ಬೀಗರು ಬಂದರೂ, ಯಾರ ಮಗಳನ್ನು ನೋಡಲು ಬಂದರೂ, ಆ ತಾಟು ಸೆರಗಿನ ಮರೆಯಲ್ಲಿ ಹಿತ್ತಲ ಬಾಗಿಲಿನಿಂದ ಆ ಮನೆ ಸೇರುತ್ತಿತ್ತು. ಊಟವಾದ ಮೇಲೆ ತಿಕ್ಕಿಸಿಕೊಂಡು ಅದೇ ದಾರಿಯಿಂದ ಹಿಂದಿರುಗುತ್ತಿತ್ತು. ನವಲಗುಂದದಿಂದ ಲಗ್ನವಾಗಿ ಬಂದ ಹಲೀಮಾಬಿ ತವರಿನಿಂದ ತಂದಿದ್ದ ನವಿಲಿನ ಚಿತ್ರದ ಕೆಂಪು ಜಮಖಾನೆಯೂ, ಕಾಳಿನ ವ್ಯಾಪಾರಿ ಶಂಕ್ರಪ್ಪನ ಆರಾಮ ಕುರ್ಚಿಯೂ ಹಾಗೆಯೇ ಮನೆಯಿಂದ ಮನೆಗೆ ತಿರುಗುತ್ತಿದ್ದವು. ಕೊಟ್ಟವರು ಆಡಿ ತೋರಿಸುತ್ತಿರಲಿಲ್ಲ. ಪಡೆದವರು ಉಪಕಾರವಾಯಿತೆಂದು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಒಂದು ಮನೆಗೆ ಬಂದ ಅತಿಥಿ ಇಡೀ ಓಣಿಗೆ ಬಂದವನೆಂಬುದು ಎಲ್ಲರಿಗೂ ತಿಳಿದ ನಿಯಮವಾಗಿತ್ತು.

ಶಿವಗಂಗವ್ವ ಈ ಓಣಿಯ ಸೊಸೆ. ತವರು ಯರಗುಪ್ಪಿ. ಗಂಡ ಶಂಭುಲಿಂಗಪ್ಪನವರು ಅಡತಿ ಅಂಗಡಿಯಲ್ಲಿ ಕಾಳು ತೂಗುವ ಕೆಲಸದಲ್ಲಿದ್ದವರು, ೧೯೬೮ರಲ್ಲಿ ತೀರಿಕೊಂಡರು. ಉಳಿದದ್ದು ಆರು ಎಕರೆ ಎರೆಹೊಲ, ಎರಡು ಅಂಕಣದ ಮಣ್ಣಿನ ಮಾಳಿಗೆಯ ಮನೆ, ಹತ್ತು ವರ್ಷದ ಮಗಳು ಶಾರದವ್ವ. ಹೊಲವನ್ನು ಮೈದುನ ತಿರಕಪ್ಪ ಪಾಲಿಗೆ ಮಾಡುತ್ತಿದ್ದ. ಬಂದ ಜೋಳದಲ್ಲಿ ಅರ್ಧ ಅವನದು. ಶಿವಗಂಗವ್ವ ಕಳೆ ತೆಗೆಯಲು, ಹತ್ತಿ ಬಿಡಿಸಲು ತಾವೇ ಹೋಗುತ್ತಿದ್ದರು. ತಮ್ಮ ಹೊಲದ ಕೆಲಸ ಮುಗಿದ ಮೇಲೆ ಮಂದಿಯ ಹೊಲಕ್ಕೂ ಹೋಗುತ್ತಿದ್ದರು. ಆದರೆ ಹೋಗುವಾಗ ಮಡಿಸಿದ ಸೀರೆ ಉಟ್ಟು, ಹೊಲದಲ್ಲಿ ಹಳೆಯದನ್ನು ಸುತ್ತಿಕೊಂಡು, ಬರುವಾಗ ಮತ್ತೆ ಮಡಿಸಿದ್ದನ್ನು ಉಟ್ಟೇ ಓಣಿಗೆ ಕಾಲಿಡುತ್ತಿದ್ದರು. ಅದನ್ನು ಡೌಲು ಎಂದು ಆಡಿಕೊಂಡವರಿದ್ದರು. ಡೌಲು ಅಲ್ಲ. ಕೂಲಿ ಮಾಡುವುದು ಬೇರೆ, ಕೂಲಿಯನ್ನು ಮುಖದ ಮೇಲೆ ಹೊತ್ತು ತಿರುಗುವುದು ಬೇರೆ ಎಂಬ ತಿಳುವಳಿಕೆ ಅದು.

ಇನ್ನೊಂದು ಅವರ ರೀತಿ ಇತ್ತು. ಹೊಸ್ತಿಲು ದಾಟಿ ಒಳಗೆ ಬಂದು ಕುಳಿತವರ ಮುಂದೆ ‘ಇಲ್ಲ’ ಎಂಬ ಮಾತು ಆಡಬಾರದು. ಇದು ಅವರ ಅತ್ತೆಯಿಂದ ಬಂದದ್ದು, ಅತ್ತೆಗೆ ಅವರ ಅತ್ತೆಯಿಂದ. ಬೆಲ್ಲ ತೀರಿದ್ದರೆ ಹಿತ್ತಲ ಬಾಗಿಲು ಇದೆಯಲ್ಲ. ಬಂದವನು ಬೆಲ್ಲ ತಿಂದು, ನೀರು ಕುಡಿದು ಎದ್ದು ಹೋಗಬೇಕು.

ಮಗಳು ಓದಿನಲ್ಲಿ ಮುಂದೆ ಇದ್ದಳು. ಹುಬ್ಬಳ್ಳಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿ ಎರಡನೆಯದಕ್ಕೆ ಕಾಲಿಟ್ಟಿದ್ದಳು. ಅದು ೧೯೭೬ರ ಜೂನ್. ತಿಂಗಳ ಕೊನೆಯ ಶನಿವಾರ ಪ್ಯಾಸೆಂಜರ್ ಗಾಡಿಗೆ ಊರಿಗೆ ಬಂದವಳು ಕೈಕಾಲು ತೊಳೆದುಕೊಂಡು ಒಲೆಯ ಮುಂದೆ ಕುಳಿತಳು.

“ಅವ್ವಾ, ಹಾಸ್ಟೆಲ್ಲಿನ ರೊಕ್ಕ ಏರಸ್ಯಾರ.”

“ಎಷ್ಟ?”

“ತಿಂಗಳಾ ನಲವತ್ತೆಂಟು ಇತ್ತಲ್ಲಾ, ಈಗ ಎಪ್ಪತ್ತೆರಡು. ಮ್ಯಾಲ ನೂರು ರೂಪಾಯಿ ಡಿಪಾಜಿಟ್.”

“ಯಾಕ, ಕಾಳು ಅಷ್ಟ ತುಟ್ಟಿ ಆದ್ವೇನು?”

“ಕಾಳಿಂದಲ್ಲಬೇ. ಹೊಸಾ ಕಟ್ಟಡ ಆಗೇತಿ. ಖೋಲಿಗೊಂದು ಫ್ಯಾನು, ಟ್ಯೂಬಲೈಟು, ಮಾಳಿಗಿ ಮ್ಯಾಲೂ ನಳ. ಉಣ್ಣಾಕ ಟೇಬಲ್ಲು. ಹಿತ್ತಲದಾಗ ಆಟದ ಅಂಗಳ.”

ಶಿವಗಂಗವ್ವ ರೊಟ್ಟಿ ತಿರುವಿ ಹಾಕಿದರು. “ನಿನಗ ಫ್ಯಾನ್ ಬೇಕಾಗಿತ್ತೇನು?”

“ನನಗ ಬ್ಯಾಡ್ರಿ, ಅದರ ರೊಕ್ಕ ಕಳೀರಿ ಅಂತ ಹಾಸ್ಟೆಲ್ ನೋಡಿಕೊಳ್ಳೂ ಬಾಯೇರ್ನ ಕೇಳಿದೆ. ‘ಫ್ಯಾನು ತಿರಗೂ ಮುಂದ ಕೆಳಗ ಯಾರ ಮಲಗ್ಯಾರ ಅಂತ ನೋಡೂದಿಲ್ಲವಾ’ ಅಂದ್ರು.”

“ಮತ್ತ ಓದಾಕ?”

ಶಾರದವ್ವ ಒಲೆಯ ಕಟ್ಟಿಗೆ ಮುಂದೆ ಸರಿಸಿ ಹೇಳಿದಳು. “ಓದೂ ಖೋಲಿ ಅಗದಿ ಚಲೋ ಐತಿ. ರಾತ್ರಿ ಹತ್ತರ ತನಕಾ ಬೆಳಕು. ಪುಸ್ತಕಾನೂ ಅಲ್ಲೇ ಸಿಗ್ತಾವು.”

ಸೌಕರ್ಯ ಬೇಡವೆಂದು ಯಾರೂ ಹೇಳುವಂತಿರಲಿಲ್ಲ. ಹಿಂದಿನ ವರ್ಷ ಕೆಳಗಿನಿಂದ ಕೊಡ ಹೊತ್ತು ಓದುವ ಹೊತ್ತು ಕಳೆದ ಹುಡುಗಿಯರಿಗೆ ಮೇಲೆಯೇ ನಳ ಬಂದದ್ದು ಒಳ್ಳೆಯದೇ. ಆದರೆ ಕಾಲೇಜು ತನ್ನ ಹೆಬ್ಬಾಗಿಲನ್ನು ಪುಕ್ಕಟೆ ತೆರೆದು, ಒಳಗಿನ ಒಂದೊಂದು ಮೆಟ್ಟಿಲಿಗೂ ಬೇರೆ ಬೇರೆ ದರ ಹಚ್ಚುವ ಕಾಲ ಬಂದಿತ್ತು. ಸರ್ಕಾರದ ಫ್ರೀಶಿಪ್ಪಿನಿಂದ ಶಾರದವ್ವನಿಗೆ ಕಲಿಸುವ ಫೀ ಮಾಫಿಯಾಗಿತ್ತು. ಪ್ರಯೋಗಶಾಲೆಯದು, ಗ್ರಂಥಾಲಯದ್ದು, ಜಿಮಖಾನದ್ದು ಮಾಫಿಯಾಗಿರಲಿಲ್ಲ. ಉಣ್ಣುವ, ಮಲಗುವ ಖರ್ಚಂತೂ ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಜುಲೈ ಮೂವತ್ತೊಂದರೊಳಗೆ ಹೊಸ ದರದಂತೆ ಕಟ್ಟದಿದ್ದರೆ ಅವಳ ಮಂಚವನ್ನು ಬೇರೆಯವಳಿಗೆ ಕೊಡುವುದಾಗಿ ನೋಟಿಸು ಹಚ್ಚಿದ್ದರು. ಮಂಚ ಹೋದರೆ ಹುಬ್ಬಳ್ಳಿ ಹೋಯಿತು. ಹುಬ್ಬಳ್ಳಿ ಹೋದರೆ ಮುಂದೆ ಏನೆಂಬುದಕ್ಕೆ ತಿರಕಪ್ಪನ ಹತ್ತಿರ ಉತ್ತರ ಸಿದ್ಧವಿತ್ತು.

“ವೈನಿ, ಎಷ್ಟ ಓದಿದ್ರೂ ಅಷ್ಟ. ಕುಂದಗೋಳದ ಕಡಿಂದ ಒಂದು ಮಾತು ಬಂದೈತಿ. ಹುಡುಗಗ ಸೊಸಾಯಿಟಿಯೊಳಗ ನೌಕರಿ. ದೀಪಾವಳಿಗೆ ಮುಗಿಸೂಣು” ಎಂದು ಅವನು ಎರಡು ಬಾರಿ ಹೇಳಿದ್ದ. ಕೆಟ್ಟವನಲ್ಲ. ಆದರೆ ಹುಡುಗಿಯ ಓದು ಹಿಂಗಾರಿನ ಬೆಳೆಯಂತೆ, ಒಂದು ಮಳೆ ತಪ್ಪಿದರೆ ಹರಗಿ ಬಿಡಬಹುದಾದದ್ದು ಎಂದು ತಿಳಿದಿದ್ದ.

ಶಾರದವ್ವ ತಂದಿದ್ದ ಇನ್ನೊಂದು ಕಾಗದವಿತ್ತು. ಹುಬ್ಬಳ್ಳಿಯ ಕೆಲವು ವ್ಯಾಪಾರಸ್ಥರು ಕೂಡಿ ಓದುವ ಹುಡುಗಿಯರಿಗೆ ಹಾಸ್ಟೆಲ್ಲಿನ ವೆಚ್ಚ ಕೊಡುವ ಒಂದು ನಿಧಿ ಮಾಡಿದ್ದರು. ಅರ್ಜಿ ಕೊಟ್ಟವರ ಮನೆಗೆ ನಿಧಿಯ ಕಡೆಯಿಂದ ಒಬ್ಬರು ಬಂದು ಪರಿಸ್ಥಿತಿ ನೋಡಿ ಬರೆದುಕೊಂಡು ಹೋಗುವರು. ಅದರ ಮೇಲೆ ತೀರ್ಮಾನ. ಅರ್ಜಿ ಹೋಯಿತು. ಜುಲೈ ಎಂಟಕ್ಕೆ, ಗುರುವಾರ, ನಿವೃತ್ತ ಶಿಕ್ಷಕರಾದ ಲಕ್ಷ್ಮಪ್ಪ ಮಾಸ್ತರರು ಬರುವರೆಂದು ಕಾರ್ಡು ಬಂತು.

ಕಾರ್ಡು ಬಂದ ದಿನವೇ ಶಿವಗಂಗವ್ವ ನೆಲ ಸಾರಿಸಿದರು, ಗೋಡೆಗೆ ಸುಣ್ಣ ಹೊಡೆದರು. ಬುಧವಾರ ಸಂಜೆ ಹಲೀಮಾಬಿಯ ಜಮಖಾನೆ ಬಂತು. ಶಂಕ್ರಪ್ಪನ ಕುರ್ಚಿಯನ್ನು ತಿರಕಪ್ಪನೇ ಹೊತ್ತು ತಂದ. ಬೆಳ್ಳಿ ತಾಟು, ಅದರ ಜೊತೆಗೆ ಎರಡು ಹಿತ್ತಾಳೆ ಕೊಡ, ಒಂದು ದೊಡ್ಡ ತಾಮ್ರದ ಹಂಡೆ ರೇವವ್ವನ ಮನೆಯಿಂದ ಬಂದವು. ಗುರುವಾರ ಬೆಳಿಗ್ಗೆ ಕಡಲೆಬೇಳೆ ಬೇಯಲು ಹಾಕಿದಾಗ ತಿರಕಪ್ಪನಿಗೆ ತಡೆಯಲಾಗಲಿಲ್ಲ.

“ವೈನಿ, ಅಂವಾ ಬಡತನಾ ನೋಡಾಕ ಬರಾಂವ. ಅವಗ ಹೋಳಿಗಿ ಉಣಸ್ತೀರೇನು?”

“ಯಾಕ ಬಂದಾನ ಅಂತ ಕೇಳಿ ತಾಟು ಹಚ್ಚೂದಿಲ್ಲ ನಮ್ಮ ಮನ್ಯಾಗ.”

“ಹಂಗಲ್ಲ, ಒಂದ ರೊಟ್ಟಿ ಚಟ್ನಿ ಹಚ್ಚಿದ್ರ ನಡೀತಿತ್ತು.”

“ನಿಮ್ಮಣ್ಣ ಇದ್ದಾಗ ಹುಬ್ಬಳ್ಳಿಂದ ಬಂದಾವಗ ರೊಟ್ಟಿ ಚಟ್ನಿ ಹಚ್ಚಿದ್ದು ನೋಡೀಯೇನು?”

ಹಲೀಮಾಬಿ ಜಮಖಾನೆಯ ಮೂಲೆ ಸರಿಪಡಿಸುತ್ತ ನಕ್ಕಳು. “ಸುಮ್ಮನಿರೋ ತಿರಕಪ್ಪ. ತುಪ್ಪ ಕಡಿಮಿ ಬಿದ್ರ ನಮ್ಮ ಮನಿಂದ ತರ್ತೀನಿ.”

ಅವಳಿಗೂ ತಪ್ಪೆನಿಸಲಿಲ್ಲ, ಯಾರಿಗೂ ಅನಿಸಲಿಲ್ಲ. ಅರ್ಜಿ ಎಂಬ ಕಾಗದ ಬೇರೆ, ಮನೆಗೆ ಬಂದ ಮನುಷ್ಯ ಬೇರೆ ಎಂದು ಓಣಿ ನಂಬಿತ್ತು. ಎರಡೂ ಒಂದೇ ಕೈಚೀಲದಲ್ಲಿ ಬರುತ್ತವೆ ಎಂಬುದು ಅದಕ್ಕೆ ಗೊತ್ತಿರಲಿಲ್ಲ.

ಲಕ್ಷ್ಮಪ್ಪ ಮಾಸ್ತರರು ಹತ್ತೂವರೆಗೆ ಬಂದರು. ಬಿಳಿ ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಛತ್ರಿ. ಕುರ್ಚಿಯ ಮೇಲೆ ಕೂರಿಸಿದರು. ಅವರು ಕಾಲಕೆಳಗಿನ ಜಮಖಾನೆಯನ್ನೂ, ಮೂಲೆಯಲ್ಲಿ ಹೊಳೆಯುತ್ತಿದ್ದ ಹಂಡೆಯನ್ನೂ ನೋಡಿದರು. ವಹಿ ತೆರೆಯುವುದರೊಳಗೆ ಬೆಳ್ಳಿಯ ತಾಟಿನಲ್ಲಿ ಎರಡು ಹೋಳಿಗೆ ಬಂದವು, ಮೇಲೆ ತುಪ್ಪ. ಬೇಡವೆಂದರೂ ಮೂರನೆಯದು ಬಿತ್ತು.

ಕೈ ತೊಳೆದ ಮೇಲೆ ಅವರು ಕೇಳಿದರು. “ಹೊಲಾ ಎಷ್ಟ್ರಿ ಅವ್ವಾರ?”

“ಆರು ಎಕರೆ. ಎರಿ.”

“ಬೆಳಿ ಹೆಂಗ?”

“ಶಿವಾ ಕೊಟ್ಟಂಗ.”

“ವರ್ಷಾ ಪೂರ್ತಿ ಮನಿಗೆ ಸಾಲ್ತೈತೇನ್ರಿ?”

“ಉಂಡು ಉಟ್ಟು ಅದೇವ್ರಿ.”

“ಕೂಲಿ ನಾಲಿ ಏನರ?”

ಶಿವಗಂಗವ್ವನವರ ಕಣ್ಣು ಒಮ್ಮೆ ಬಾಗಿಲ ಕಡೆ ಹೋಯಿತು. ಹೊರಗಿನ ಕಟ್ಟೆಯ ಮೇಲೆ ಶಂಕ್ರಪ್ಪನೂ ಇನ್ನಿಬ್ಬರೂ ಕುಳಿತಿದ್ದರು. “ಹೊಲದ ಕೆಲಸಾ ಇದ್ದ ಇರ್ತೈತ್ರಿ” ಎಂದರು.

“ಮತ್ತ ಏನರ ಕೊರತಿ ಇದ್ರ ಹೇಳ್ರಿ. ನಾ ಬಂದದ್ದ ಅದಕ್ಕ.”

“ಕೊರತಿ ಏನಿಲ್ರಿ. ನೀವು ಬಂದ್ರಿ, ಉಂಡ್ರಿ, ಅಷ್ಟ ಸಾಕು.”

ಮಾಸ್ತರರು ಮೂಲೆಯ ಹಂಡೆಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಎರಡು ಸಾಲು ಬರೆದು ವಹಿ ಮುಚ್ಚಿದರು. ಹೋಗುವಾಗ ಎಲೆ ಅಡಿಕೆ ಕೊಟ್ಟು ಓಣಿಯ ತುದಿಯವರೆಗೆ ಕಳಿಸಿ ಬಂದ ತಿರಕಪ್ಪ, “ಅಗದಿ ಖುಷಿಯಾಗಿ ಹೋದ್ರು” ಎಂದ. ಜಮಖಾನೆ, ಕುರ್ಚಿ, ತಾಟು ಸಂಜೆಯೊಳಗೆ ತಮ್ಮ ತಮ್ಮ ಮನೆ ಸೇರಿದವು.

ಜುಲೈ ಇಪ್ಪತ್ತೊಂದಕ್ಕೆ ಪತ್ರ ಬಂತು. ಅರ್ಜಿದಾರರ ಮನೆಯ ಸ್ಥಿತಿ ತೃಪ್ತಿಕರವಾಗಿ ಕಂಡುಬಂದುದರಿಂದ, ಹೆಚ್ಚಿನ ಅಗತ್ಯವಿರುವ ಬೇರೆ ವಿದ್ಯಾರ್ಥಿನಿಯರಿಗೆ ಸಹಾಯ ಮಂಜೂರಾಗಿದೆ ಎಂದು ಮೂರು ಸಾಲು. ಓದಿದವನು ಶಂಕ್ರಪ್ಪ. ಓದಿ ಮುಗಿಸಿ, ತಾನೇ ಬರೆದವನಂತೆ ತಲೆ ತಗ್ಗಿಸಿದ.

“ನನ್ನ ಕುರ್ಚಿ ಕೆಲಸಾ ಕೆಡಿಸ್ತು ನೋಡ್ರಿ” ಎಂದ.

“ಕುರ್ಚಿ ಮಾತಾಡಿತ್ತೇನು? ಮಾತಾಡಿದಾಕಿ ನಾನು” ಎಂದರು ಶಿವಗಂಗವ್ವ.

ಹಿತ್ತಲಲ್ಲಿ ಹಲೀಮಾಬಿ ಬಂದು ನಿಂತಳು. “ಅಕ್ಕಾ, ನಾ ಹುಬ್ಬಳ್ಳಿಗೆ ಹೋಗಿ ಹೇಳ್ತೀನಿ. ಜಮಖಾನಿ ನಂದು, ನನ್ನ ತವರುಮನಿದು ಅಂತ ಹೇಳ್ತೀನಿ. ಯಾಂವ ಸುಳ್ಳಂತಾನ ನೋಡೂಣು.”

“ನನ್ನ ಮನಿ ಮಾತು ನೀ ಹೋಗಿ ಆಡೂದು ಬ್ಯಾಡ.”

“ಹಂಗಾರ ನೀ ಆಡು. ಯಾರರ ಆಡಬೇಕಲ್ಲ.”

ಶಿವಗಂಗವ್ವ ಒಳಗೆ ಹೋಗಿ ಪತ್ರವನ್ನು ಮಡಚಿ ಇಟ್ಟರು. ಎರಡು ದಿನ ಕಳೆ ತೆಗೆಯಲು ಹೋಗಿ ಬಂದರು. ತಿರಕಪ್ಪ ಕುಂದಗೋಳದವರು ಶ್ರಾವಣದಲ್ಲಿ ಬಂದು ಹುಡುಗಿಯನ್ನು ನೋಡಬಹುದೇ ಎಂದು ಕೇಳಿಸಿರುವುದಾಗಿ ಹೇಳಿದ. ಮೂರನೆಯ ದಿನ ಬೆಳಗಿನ ಗಾಡಿಗೆ ಮಡಿಸಿದ ಸೀರೆ ಉಟ್ಟು ಸ್ಟೇಷನ್ನಿಗೆ ಹೊರಟರು. ದಾರಿಯಲ್ಲಿ ಹಲೀಮಾಬಿ ತಾನಾಗಿಯೇ ಕೂಡಿಕೊಂಡಳು. “ನಾ ಏನೂ ಮಾತಾಡೂದಿಲ್ಲ. ಸುಮ್ಮನ ಬಾಜು ಕುಂದರ್ತೀನಿ” ಎಂದಳು.

ನಿಧಿಯ ಕಚೇರಿ ಒಂದು ಅರಳೆ ಅಂಗಡಿಯ ಮೇಲಿನ ಖೋಲಿ. ಲಕ್ಷ್ಮಪ್ಪ ಮಾಸ್ತರರು ಒಬ್ಬರೇ ಇದ್ದರು. ಶಿವಗಂಗವ್ವನವರನ್ನು ಗುರುತಿಸಿ ಎದ್ದು ನಿಂತರು. “ಬರ್ರಿ ಅವ್ವಾರ, ಕೂಡ್ರಿ. ಪತ್ರ ಮುಟ್ಟಿತೇನ್ರಿ?”

“ಮುಟ್ಟೇತ್ರಿ. ಅದರ ಸಂಬಂಧನ ಬಂದೀನಿ.” ಶಿವಗಂಗವ್ವ ಬೆಂಚಿನ ತುದಿಗೆ ಕುಳಿತರು. “ನೀವು ನಮ್ಮ ಮನ್ಯಾಗ ಕೇಳಿದ್ರಲ್ಲ, ಆ ಪ್ರಶ್ನಿ ಮತ್ತೊಮ್ಮೆ ಕೇಳ್ರಿ.”

ಮಾಸ್ತರರಿಗೆ ಅರ್ಥವಾಗಲಿಲ್ಲ. “ಯಾವ ಪ್ರಶ್ನಿ?”

“ಎಲ್ಲಾ. ಅಲ್ಲೆ ನೀವು ನಮ್ಮ ಮನಿಗೆ ಬಂದಾವರು. ಉಂಡ ಕುಂತಾವರ ಮುಂದ ‘ಇಲ್ಲ’ ಅಂತ ಹೆಂಗ ಹೇಳ್ಲಿ? ನಮ್ಮತ್ತಿ ಎದ್ದ ಬಂದಾಳು. ಇದು ನಿಮ್ಮ ಕಚೇರಿ. ಇಲ್ಲೆ ನಾ ಬಂದಾಕಿ. ಇಲ್ಲೆ ಕೇಳ್ರಿ, ಹೇಳ್ತೀನಿ.”

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ವಹಿ ತೆರೆದು ಆ ಪುಟ ಹುಡುಕಿದರು. ಅವರ ಮುಖದ ಮೇಲೆ ನಗುವಿನ ಸುಳಿವಿತ್ತು, ಆದರೆ ನಗಲಿಲ್ಲ. ಅಷ್ಟು ಮರ್ಯಾದೆ ಅವರಿಗೆ ತಿಳಿದಿತ್ತು.

“ವರ್ಷಾ ಪೂರ್ತಿ ಜೋಳ ಸಾಲ್ತಾವೇನ್ರಿ?”

“ಇಲ್ಲ. ಅರ್ಧಾ ಪಾಲು ಮೈದುನಂದು. ನಮ್ಮ ಪಾಲಿಂದು ಏಳು ತಿಂಗಳಾ.”

“ಉಳದ ಐದು ತಿಂಗಳು?”

“ಕೂಲಿ. ಹತ್ತಿ ಬಿಡಸ್ತೀನಿ, ಮೆಣಸಿನಕಾಯಿ ಹರೀತೀನಿ.”

“ಬ್ಯಾರೆ ಹುಟ್ಟುವಳಿ?”

“ಇಲ್ಲ.”

“ಬೆಳ್ಳಿ ಬಂಗಾರ?”

“ಕೊರಳಾಗಿಂದು ಇಷ್ಟ, ಲಿಂಗದ ಬೆಳ್ಳಿ ಕಾಯಿ. ಕಾಲೇಜಿನ ಮೊದಲನೇ ವರ್ಷಕ್ಕ ಕೈಯಾಗಿನ ಬಿಲ್ವಾರ ಹೋದ್ವು.”

“ಆ ತಾಟು?”

“ರೇವವ್ವಂದು. ಹಂಡೇನೂ ಆಕಿದ. ಕುರ್ಚಿ ಶಂಕ್ರಪ್ಪಂದು.”

ಬಾಯಿ ಬಿಡುವುದಿಲ್ಲವೆಂದಿದ್ದ ಹಲೀಮಾಬಿಗೆ ಇಷ್ಟರ ಮೇಲೆ ಇರಲಾಗಲಿಲ್ಲ. “ಜಮಖಾನಿ ನಂದ್ರಿ. ತುಪ್ಪಾನೂ ಒಂದಿಷ್ಟು.”

“ಹೋಳಿಗಿ ಅರ ನಿಮ್ಮದನ್ರಿ?” ಮಾಸ್ತರರು ಕೇಳಿದರು.

“ಹೋಳಿಗಿ ನಂದ” ಎಂದರು ಶಿವಗಂಗವ್ವ. “ಅದಕ್ಕ ನಾ ಯಾರ ಕಡೆನೂ ಕೈ ಚಾಚಿಲ್ಲ.”

ಮಾಸ್ತರರು ಬರೆದುಕೊಂಡರು. ಬರೆದದ್ದನ್ನು ಓದಿ ಹೇಳಿರೆಂದು ಶಿವಗಂಗವ್ವ ಕೇಳಿದಾಗ ಓದಿದರು. “ವಿಧವೆ, ತೀರಾ ಬಡ ಕುಟುಂಬ, ಕೂಲಿಯಿಂದ ಜೀವನ” ಎಂಬಲ್ಲಿ ಶಿವಗಂಗವ್ವ ಕೈ ಎತ್ತಿದರು.

“ಬಡವರು ಅಂತ ಬರೀಬ್ಯಾಡ್ರಿ. ಯಾರ ಮನಿ ಮುಂದೂ ನಿಂತಾವರಲ್ಲ ನಾವು. ಹಾಸ್ಟೆಲ್ಲಿನ ರೊಕ್ಕ ಕೊಡೂದು ನಮಗ ಆಗೂದಿಲ್ಲ. ಅಷ್ಟ ಬರೀರಿ.”

“ಅಷ್ಟ ಬರದ್ರ ಕಮಿಟಿಯವರು ಒಪ್ಪಬೇಕಲ್ರಿ.”

“ಖರೇ ಇದ್ರ ಒಪ್ತಾರ.”

ಮಾಸ್ತರರು ‘ತೀರಾ ಬಡ ಕುಟುಂಬ’ ಎಂಬುದನ್ನು ಹೊಡೆದು ಹಾಕಿ, ಅವರು ಹೇಳಿದ್ದನ್ನು ಬರೆದರು. ಉಳಿದದ್ದರ ಕೆಳಗೆ ಶಿವಗಂಗವ್ವ ಸಹಿ ಮಾಡಿದರು. ಗಂಡ ಕಲಿಸಿದ್ದ ಸಹಿ; ದೊಡ್ಡ ಅಕ್ಷರ, ಒಂದಕ್ಕೊಂದು ತಾಗದಂತೆ.

“ಆದ್ರ ಒಂದು ಮಾತು. ಮಂಜೂರಿ ಪಟ್ಟಿ ಮುಗದು ಹೋಗೇತಿ. ಹನ್ನೆರಡ ಹುಡುಗ್ಯಾರು, ಅಷ್ಟಕ್ಕ ರೊಕ್ಕ.” ಮಾಸ್ತರರು ಪಟ್ಟಿ ತೆಗೆದರು. ಒಂದು ಹೆಸರಿನ ಮೇಲೆ ಬೆರಳಿಟ್ಟರು. “ಒಂದು ಜಾಗಾ ಮೊನ್ನೆ ಖಾಲಿ ಆತು. ಅಣ್ಣಿಗೇರಿ ಕಡೆ ಹುಡುಗಿ. ಮದವಿ ಗೊತ್ತಾತಂತ, ಅವರಪ್ಪ ಬಂದು ಕರಕೊಂಡು ಹೋದಾ. ಇಪ್ಪತ್ತೆಂಟಕ್ಕ ಕಮಿಟಿ ಕೂಡತೈತಿ. ಆ ಜಾಗಾಕ್ಕ ನಿಮ್ಮ ಹುಡುಗಿ ಹೆಸರು ಇಡ್ತೀನಿ. ಆಗ್ತೈತಿ, ಚಿಂತಿ ಮಾಡಬ್ಯಾಡ್ರಿ.”

ಕೆಲಸವಾಯಿತೆಂದು ಹಲೀಮಾಬಿ ಎದ್ದು ನಿಂತಳು. ಶಿವಗಂಗವ್ವ ಏಳಲಿಲ್ಲ.

“ಆಕಿ ಹೆಸರೇನ್ರಿ?”

“ಫಕೀರವ್ವ.”

“ಶ್ಯಾಣ್ಯಾಕಿ ಇದ್ಲೇನ್ರಿ?”

“ನಿಮ್ಮ ಹುಡುಗಿಗಿಂತ ನಾಕ ಮಾರ್ಕು ಹೆಚ್ಚ.”

“ಅವರ ಮನಿಗೂ ಹೋಗಿದ್ರಿ?”

“ಹೋಗಿದ್ದೆ. ಒಂದು ಗಿಂಡಿ ನೀರು ಕೊಟ್ರು. ಇದ್ದದ್ದ ಇದ್ದಂಗ ಹೇಳಿದ್ರು.”

ಶಿವಗಂಗವ್ವ ಆ ಪಟ್ಟಿಯನ್ನು ನೋಡಿದರು. ಆ ಹೆಸರಿನ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಎಳೆದು ಕಾಟು ಹಾಕಿತ್ತು. ಇದ್ದದ್ದನ್ನು ಇದ್ದಂತೆ ಹೇಳಿದ ಮನೆಯ ಮಗಳು ಓದು ಬಿಟ್ಟಿದ್ದಳು. ಮುಚ್ಚಿಟ್ಟ ಮನೆಯ ಮಗಳಿಗೆ ಆ ಜಾಗ ಸಿಗುವುದರಲ್ಲಿತ್ತು. ಇದರಲ್ಲಿ ನ್ಯಾಯವನ್ನು ಹುಡುಕಿದರೆ ಸಿಗುವುದಿಲ್ಲ. ತಾವು ಬೇಡವೆಂದರೆ ಆ ಹುಡುಗಿಯೇನೂ ಹಿಂದಿರುಗುವುದಿಲ್ಲ ಎಂಬುದೂ ಅವರಿಗೆ ತಿಳಿದಿತ್ತು. “ಇಡ್ರಿ ನಮ್ಮ ಹುಡುಗಿ ಹೆಸರು” ಎಂದು ಎದ್ದರು.

ಹಾಸ್ಟೆಲ್ಲಿಗೆ ಹೋದಾಗ ಶಾರದವ್ವ ಓಡುತ್ತ ಕೆಳಗಿಳಿದು ಬಂದಳು. ತಾಯಿ ಕಚೇರಿಗೆ ಹೋಗಿದ್ದರೆಂದು ಹಲೀಮಾಬಿ ಹೇಳಿದಾಗ ಅವಳ ಮುಖ ಸಣ್ಣದಾಯಿತು.

“ಅವ್ವಾ, ಏನ ಹೇಳಿ ಬಂದಿ?”

“ಇದ್ದದ್ದು.”

“ಎಲ್ಲಾ?”

“ಕೇಳಿದಷ್ಟು.” ಶಿವಗಂಗವ್ವ ರೊಟ್ಟಿಯ ಗಂಟು ಅವಳ ಕೈಗಿಟ್ಟರು. “ಫಕೀರವ್ವ ಅಂತ ಒಬ್ಬಾಕಿ ಇದ್ಲಂತಲ್ಲ, ಗೊತ್ತೇನು?”

“ನಮ್ಮ ಖೋಲಿ ಬಾಜುಕಿನ ಖೋಲಿಯಾಕಿ. ಪುಸ್ತಕಾ ಸುದ್ದಾ ಒಯ್ಯಲಿಲ್ಲ. ನಮಗ ಹಂಚಿ ಹೋದ್ಲು.”

ಶಿವಗಂಗವ್ವ ಹಲೀಮಾಬಿಯೊಡನೆ ಸ್ಟೇಷನ್ನಿನ ದಾರಿ ಹಿಡಿದರು.

ಕಮಿಟಿ ಇಪ್ಪತ್ತೆಂಟಕ್ಕೆ ಕೂಡಿತು. ಮೂವತ್ತಕ್ಕೆ ನಿಧಿಯ ಹಣ ನೇರವಾಗಿ ಹಾಸ್ಟೆಲ್ಲಿಗೆ ಕಟ್ಟಲ್ಪಟ್ಟು, ಶಾರದವ್ವನ ಮಂಚ ಅವಳ ಹೆಸರಿನಲ್ಲೇ ಉಳಿಯಿತು. ಸುದ್ದಿಯ ಕಾರ್ಡನ್ನು ಓದಿಸಿಕೊಂಡು ಶಿವಗಂಗವ್ವ ಹೊಲಕ್ಕೆ ಹೋದರು. ತಿರಕಪ್ಪ ಬೆಳೆಯ ಸಾಲುಗಳ ನಡುವೆ ಎಡೆ ಹೊಡೆಯುತ್ತಿದ್ದ. ಎತ್ತು ನಿಲ್ಲಿಸಿ, ಕುಂದಗೋಳದವರಿಗೆ ಏನು ಹೇಳಲಿ ಎಂದು ಕೇಳಿದ.

“ಎರಡು ವರ್ಷ ತಡೀರಿ ಅಂತ ಹೇಳು.”

“ಅವರು ತಡೀಬೇಕಲ್ಲ ವೈನಿ.”

“ತಡೀದಿದ್ರ ಬ್ಯಾರೆ ಕಡೆ ನೋಡ್ಲಿ. ನಮ್ಮ ಹುಡುಗಿ ಹೆಸರಿನ ಮ್ಯಾಲ ಯಾರೂ ಕಾಟು ಹಾಕೂದು ಬ್ಯಾಡ.”

ತಿರಕಪ್ಪನಿಗೆ ಕಾಟಿನ ಮಾತು ತಿಳಿಯಲಿಲ್ಲ. ವೈನಿಯ ಮುಖ ನೋಡಿ, ಎತ್ತುಗಳನ್ನು ಹೊರಳಿಸಿ ಇನ್ನೊಂದು ಸಾಲು ಹಿಡಿದ. ಶಿವಗಂಗವ್ವ ಸೀರೆ ಬದಲಿಸಿ, ಕಳೆ ಕೀಳುವ ಕುರ್ಚಿಗಿ ತೆಗೆದುಕೊಂಡು ಸಾಲಿನಲ್ಲಿ ಕುಳಿತರು.